ತೋಟದ ಸುತ್ತಲಿನ ಕಾಡಿನ ಮರಕೊಯ್ತದ ಕುರುಹುಗಳನ್ನು ದಾಖಲಿಸುವ ಕ್ರಮ
ಕಾಸರಗೋಡಿನ ಅಡೂರು, ದೇಲಂಪಾಡಿ ಕಡೆಯ ತೋಟದ ಮನೆಯವರು ಸುತ್ತಲಿನ ಕಾಡಿನ ಮರಕೊಯ್ತದ ಚರಿತ್ರೆಯನ್ನು ಬರೆದಿಡಬೇಕೆಂದಿದ್ದರೆ ಗುಡ್ಡೆಗಿಂತ ಮೊದಲು ಅಟ್ಟ ಹತ್ತುವುದು ಒಳ್ಳೆಯದು. ಕಡಿದ ಮರದ ಬುಡ ಎಂದೋ ಗೆದ್ದಲಿನ ಪಾಲಾಗಿರುತ್ತದೆ. ಅದರಿಂದ ಸಿಗಿದ ಹಲಗೆಯಾದರೋ ಮುಚ್ಚಿಗೆಯಲ್ಲಿಯೋ ಭತ್ತ ತುಂಬಿಡುವ ಮರದ ಪೆಟ್ಟಿಗೆಯಾದ ಪತ್ತಾಯದ ಹಿಂಬದಿಯಲ್ಲಿಯೋ ಇನ್ನೂ ಗಟ್ಟಿಯಾಗಿರುತ್ತದೆ.

ನಯಗೊಳಿಸದ ಮಗ್ಗುಲಿನ ಧೂಳು ಒರೆಸಿ, ಟಾರ್ಚಿನ ಬೆಳಕು ಹಲಗೆಯ ಮೇಲೆ ಅಡ್ಡಲಾಗಿ ಹರಿಯುವಂತೆ ಹಿಡಿಯಿರಿ. ಒಬ್ಬನು ದಿಮ್ಮಿಯ ಮೇಲೆ, ಇನ್ನೊಬ್ಬನು ಗುಂಡಿಯೊಳಗೆ ನಿಂತು ಎಳೆದ ಕೈಗರಗಸದ ಗೀರುಗಳು ನೇರವಾಗಿದ್ದರೂ ಅಂತರ ಒಂದೇ ಸಮನಿರುವುದಿಲ್ಲ. ತೋಳು ಸೋತಲ್ಲಿ ಅವು ಓರೆಯಾಗಿ, ಮತ್ತೆ ಸರಿಯಾಗುವುದನ್ನು ಬೆರಳಿನಿಂದಲೇ ತಿಳಿಯಬಹುದು. ಕಮಾನಿನಂತೆ ಬಾಗಿದ ಗೀರು ಯಂತ್ರದ ಚಕ್ರಗರಗಸದ್ದು, ಸಮಾಂತರದ ನೇರ ಗೀರು ಬ್ಯಾಂಡ್ ಗರಗಸದ್ದು, ಅಲ್ಲಲ್ಲಿ ಚಿಪ್ಪಿನಾಕಾರದ ತಗ್ಗುಗಳಿದ್ದರೆ ಅದು ಬಾಚಿಯ ಕೆಲಸ. ತೊಲೆಯಲ್ಲಿ ಕಾರಣವಿಲ್ಲದ ಖಾಲಿ ಜೋಡಣೆಯ ಕುಳಿಗಳು ಕಂಡರೆ ಅದು ಬೇರೊಂದು ಮನೆಯಿಂದ ಬಂದ ಮರವಿರಬಹುದು, ಆದ್ದರಿಂದ ಅದರಿಂದ ಈ ಮನೆಯ ಕಾಲವನ್ನು ನಿರ್ಣಯಿಸಬೇಡಿ.

ಮರದ ಜಾತಿಯನ್ನು ಹಳೆಯ ಆಚಾರಿಯೊಬ್ಬರಿಗೆ ತೋರಿಸಿ ಬರೆದುಕೊಳ್ಳಿ. ಹೆಬ್ಬಲಸು, ತೇಗಗಳ ಜೊತೆಗೆ ಕಿರಾಲ್‌ಬೋಗಿಯನ್ನು ವಿಶೇಷವಾಗಿ ವಿಚಾರಿಸಬೇಕು. ಗೆದ್ದಲಿಗೆ ಸುಲಭವಾಗಿ ಬಗ್ಗದ ಈ ಭಾರದ ಮರ ರೈಲುಹಳಿಯ ಸ್ಲೀಪರುಗಳಿಗೂ ಬಳಕೆಯಾಗುತ್ತಿತ್ತು, ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ. ಹಳೆಯ ಲೆಕ್ಕದ ಪುಸ್ತಕ ಸಿಕ್ಕಿದರೆ ಅಳತೆಯ ಕ್ರಮವನ್ನು ಪರೀಕ್ಷಿಸಿ. ಸುತ್ತಳತೆಯ ಕಾಲುಭಾಗವನ್ನು ಅದರಿಂದಲೇ ಗುಣಿಸಿ, ಮತ್ತೆ ಉದ್ದದಿಂದ ಗುಣಿಸುವ ಹೊಪ್ಪಸ್ ಲೆಕ್ಕದಲ್ಲಿ 4 ಅಡಿ ಸುತ್ತಳತೆಯ 12 ಅಡಿ ದಿಮ್ಮಿ 12 ಘನ ಅಡಿಯಾಗುತ್ತದೆ. ನಿಜವಾದ ಗಾತ್ರ ಸುಮಾರು 15.3. ಉಳಿದದ್ದು ಕೊಯ್ಯುವಾಗಿನ ನಷ್ಟವೆಂಬುದು ಸಮಜಾಯಿಷಿ, ಕೊಳ್ಳುವವನಿಗೆ ಅನುಕೂಲವೆಂಬುದು ನನ್ನ ಅಭಿಪ್ರಾಯ.

ಗುಡ್ಡೆಯಲ್ಲಿ ಹುಡುಕಬೇಕಾದುದು ದಿಮ್ಮಿಯ ಉದ್ದಕ್ಕೆ ತಕ್ಕ, ಆಳು ನಿಲ್ಲುವಷ್ಟು ಆಳದ, ಈಗ ತರಗೆಲೆ ತುಂಬಿದ ಗರಗಸದ ಗುಂಡಿಯನ್ನು. ಮುರಕಲ್ಲು (ಜಂಬಿಟ್ಟಿಗೆ) ಕಡಿದ ಹೊಂಡದ ಗೋಡೆಯಲ್ಲಿ ಕಲ್ಲಿನ ಅಳತೆಯ ಚೌಕ ಮೆಟ್ಟಿಲುಗಳಿರುತ್ತವೆ, ಗರಗಸದ ಗುಂಡಿಯಲ್ಲಿ ಇರುವುದಿಲ್ಲ. ಗುಂಡಿಯಿಂದ ವರ್ಗ ಜಾಗದ (ಪಟ್ಟಾ ಇರುವ ಸ್ವಂತ ಭೂಮಿಯ) ಗಡಿಗೆ ಎಷ್ಟು ದೂರವೆಂದು ಅಳೆಯಿರಿ: ವರ್ಗ ಜಾಗಕ್ಕೆ ತಾಗಿದ ಸರಕಾರಿ ಭೂಮಿಯಿಂದ ಸೊಪ್ಪು, ಮರ ಪಡೆಯುವ ದಕ್ಷಿಣ ಕನ್ನಡದ ಕುಮ್ಕಿ ಸೌಲಭ್ಯವಿದ್ದುದು 100 ಗಜದೊಳಗೆ, ಅದೂ ಮನೆ ಮತ್ತು ಬೇಸಾಯದ ಬಳಕೆಗೆ ಮಾತ್ರ. 1956ಕ್ಕಿಂತ ಮೊದಲು ಕಾಸರಗೋಡು ಆ ಜಿಲ್ಲೆಗೇ ಸೇರಿದ್ದುದರಿಂದ ಆ ಕಾಲದ ನಕ್ಷೆ, ಅಡಂಗಲುಗಳನ್ನು (ಗ್ರಾಮದ ಜಮೀನು ದಾಖಲೆಗಳನ್ನು) ಕೇಳುವಾಗ ಜಿಲ್ಲೆಯ ಹೆಸರನ್ನು ಹಾಗೆಯೇ ಬರೆಯಬೇಕು. ರಕ್ಷಿತಾರಣ್ಯದೊಳಗೆ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಕಾಲಿಡಬೇಡಿ. ಬಿದ್ದ ಮರದ ತುಂಡನ್ನಾದರೂ ಮಾದರಿಗೆಂದು ತರದೆ, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಚಿತ್ರ ತೆಗೆದುಕೊಳ್ಳಿ.