ತೀರ್ಪಿಗೆ ಕಾಯದೆ ಸಂತ್ರಸ್ತರ ಪರಿಹಾರ ಪಡೆಯುವ ಬಗೆ

ಅತ್ಯಾಚಾರ, ಆ್ಯಸಿಡ್ ದಾಳಿಯಂಥ ಕೃತ್ಯಗಳಿಗೆ ಒಳಗಾದವರು ಮತ್ತು ಕೊಲೆಯಾದವರ ಅವಲಂಬಿತರು ಸಾಮಾನ್ಯವಾಗಿ ಮಾಡುವ ತಪ್ಪೆಂದರೆ, ಕೇಸು ಮುಗಿಯಲಿ ಎಂದು ಕಾಯುವುದು. ಪರಿಹಾರದ ಹಣ ಆರೋಪಿಯ ಜೇಬಿನಿಂದ ಬರುವುದಲ್ಲ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 396ನೇ ಕಲಮಿನಂತೆ, ಅಂದರೆ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ 357-ಎ ಆಗಿದ್ದ ಅವಕಾಶದಂತೆ, ರಾಜ್ಯ ಸರ್ಕಾರವು ಕೇಂದ್ರದೊಡನೆ ಸಮಾಲೋಚಿಸಿ ರೂಪಿಸಿದ ಯೋಜನೆಯ ನಿಧಿಯಿಂದ ಬರುವಂಥದ್ದು. ಕರ್ನಾಟಕದಲ್ಲಿ ಇದಕ್ಕೆ 2011ರ ಸಂತ್ರಸ್ತರ ಪರಿಹಾರ ಯೋಜನೆಯಿದೆ. ಆರೋಪಿ ಪತ್ತೆಯಾಗದೆ ವಿಚಾರಣೆಯೇ ನಡೆಯದಿದ್ದರೂ ಅರ್ಜಿ ಸಲ್ಲಿಸಬಹುದು. ಆರೋಪಿ ಖುಲಾಸೆಯಾದ ಪ್ರಕರಣದಲ್ಲೂ ಸಂತ್ರಸ್ತರಿಗೆ ಪುನರ್ವಸತಿ ಬೇಕೆನಿಸಿದರೆ ನ್ಯಾಯಾಲಯ ಶಿಫಾರಸು ಮಾಡಬಹುದು.

ಅರ್ಜಿಯನ್ನು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಕೊಡಬೇಕು. ಈ ಕಚೇರಿ ಸಾಮಾನ್ಯವಾಗಿ ಜಿಲ್ಲಾ ನ್ಯಾಯಾಲಯದ ಆವರಣದಲ್ಲೇ ಇರುತ್ತದೆ; ದಾರಿ ತಿಳಿಯದವರು ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಕರೆ ಮಾಡಬಹುದು. ಎಫ್‌ಐಆರ್ ಪ್ರತಿ (ಇದನ್ನು ಠಾಣೆಯವರು ಉಚಿತವಾಗಿ ಕೊಡಬೇಕು), ಗಾಯದ ಪ್ರಮಾಣಪತ್ರ ಅಥವಾ ಮರಣೋತ್ತರ ಪರೀಕ್ಷಾ ವರದಿ, ಚಿಕಿತ್ಸೆಯ ಬಿಲ್ಲುಗಳು, ಆಧಾರ್ ಮತ್ತು ಬ್ಯಾಂಕ್ ಪಾಸ್‌ಬುಕ್ಕಿನ ಪ್ರತಿಗಳನ್ನು ಲಗತ್ತಿಸಿ. ಎಫ್‌ಐಆರ್‌ನಲ್ಲಿ ಲಕ್ಷ್ಮೀದೇವಿ, ಪಾಸ್‌ಬುಕ್ಕಿನಲ್ಲಿ ಲಕ್ಷ್ಮಮ್ಮ ಎಂದಿದ್ದರೆ ಇಬ್ಬರೂ ಒಬ್ಬರೇ ಎಂಬ ಪ್ರಮಾಣಪತ್ರವನ್ನು (ಅಫಿಡವಿಟ್) ಮೊದಲೇ ಮಾಡಿಸಿಟ್ಟುಕೊಳ್ಳುವುದು ಲೇಸು. ಇಂಥ ಸಣ್ಣ ವ್ಯತ್ಯಾಸಕ್ಕೇ ಕಡತ ನಿಂತುಬಿಡಬಹುದು. ಅರ್ಜಿ ಕೊಟ್ಟಾಗ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಲು ಮರೆಯಬೇಡಿ, ಏಕೆಂದರೆ ಪ್ರಾಧಿಕಾರ ವಿಚಾರಣೆ ಮುಗಿಸಿ ಪರಿಹಾರ ನೀಡಲು ಕಾನೂನು ಕೊಟ್ಟಿರುವ ಕಾಲ ಎರಡೇ ತಿಂಗಳು.

ತುರ್ತಿದ್ದರೆ ಮಧ್ಯಂತರ ಪರಿಹಾರವನ್ನು, ಅಂದರೆ ಅಂತಿಮ ಆದೇಶಕ್ಕೂ ಮೊದಲೇ ಸಿಗುವ ಹಣವನ್ನು, ಅದೇ ಅರ್ಜಿಯಲ್ಲಿ ಸ್ಪಷ್ಟವಾಗಿ ಕೇಳಿ. ಆ್ಯಸಿಡ್ ದಾಳಿಯ ಸಂತ್ರಸ್ತರಿಗೆ ಕನಿಷ್ಠ 3 ಲಕ್ಷ ರೂಪಾಯಿ ಸಿಗಬೇಕೆಂದು ಸುಪ್ರೀಂ ಕೋರ್ಟ್ 2013ರಲ್ಲೇ ಹೇಳಿದೆ; ಮುಖ ವಿರೂಪಗೊಂಡ ಮಹಿಳೆಗೆ ಮಹಿಳಾ ಸಂತ್ರಸ್ತರಿಗೆಂದೇ ಇರುವ ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರದ 2018ರ ಯೋಜನೆ 7ರಿಂದ 8 ಲಕ್ಷ ನಿಗದಿಪಡಿಸಿದೆ. ಆ್ಯಸಿಡ್ ದಾಳಿ ಮತ್ತು ಅತ್ಯಾಚಾರದ ಸಂತ್ರಸ್ತರಿಗೆ ಖಾಸಗಿ ಆಸ್ಪತ್ರೆಯೂ ಉಚಿತ ಚಿಕಿತ್ಸೆ ಕೊಡಲೇಬೇಕು, ಮುಂಗಡ ಕೇಳುವಂತಿಲ್ಲ. ಮಹಿಳೆಯರ ಸುರಕ್ಷತೆಗಾಗಿ ಕೇಂದ್ರ ಸರ್ಕಾರ ಇಟ್ಟಿರುವ ನಿರ್ಭಯಾ ನಿಧಿಯ ಸಖಿ ಕೇಂದ್ರಗಳಲ್ಲಿ ತಾತ್ಕಾಲಿಕ ಆಶ್ರಯ, ಆಪ್ತ ಸಮಾಲೋಚನೆ, ಕಾನೂನು ನೆರವು ಒಂದೇ ಕಡೆ ದೊರೆಯುತ್ತವೆ, ಸಹಾಯವಾಣಿ 181. ಪರಿಶಿಷ್ಟ ಜಾತಿ ಮತ್ತು ಪಂಗಡದವರ ಮೇಲಿನ ದೌರ್ಜನ್ಯಕ್ಕೆ ಪ್ರತ್ಯೇಕ ಪರಿಹಾರವಿದ್ದು, ಅದಕ್ಕಾಗಿ ಸಮಾಜ ಕಲ್ಯಾಣ ಇಲಾಖೆಯನ್ನು ಕಾಣಬೇಕು.

2018ರ ಯೋಜನೆಯಡಿ ಮಂಜೂರಾದ ಹಣವೆಲ್ಲ ಒಮ್ಮೆಲೇ ಕೈಗೆ ಬರುವುದಿಲ್ಲ: ಸಾಮಾನ್ಯವಾಗಿ ಶೇ 75ರಷ್ಟು ಕನಿಷ್ಠ ಮೂರು ವರ್ಷ ನಿಶ್ಚಿತ ಠೇವಣಿಯಲ್ಲಿರುತ್ತದೆ. ಶಸ್ತ್ರಚಿಕಿತ್ಸೆಗೋ ಓದಿಗೋ ಮೊದಲೇ ಬೇಕಾದರೆ, ಬ್ಯಾಂಕಿನವರ ಹಿಂದೆ ಅಲೆಯದೆ ಪ್ರಾಧಿಕಾರಕ್ಕೇ ಇನ್ನೊಂದು ಅರ್ಜಿ ಬರೆಯಿರಿ.