ಹಾನುಬಾಳಿನ ತೋಟದಲ್ಲಿ ಉಪಗ್ರಹ ಇಂಟರ್‌ನೆಟ್: ಮೂರು ಮಳೆಗಾಲದ ಅನುಭವ

ನಮ್ಮ ಮನೆ ಇರುವುದು ಸಕಲೇಶಪುರ ತಾಲ್ಲೂಕಿನ ಹಾನುಬಾಳಿನಿಂದಲೂ ಒಳಗೆ, ಕಾಫಿ ತೋಟದ ನಡುವೆ. ಬೆಂಗಳೂರಿನ ಕಂಪನಿಯೊಂದಕ್ಕೆ ಸಾಫ್ಟ್‌ವೇರ್ ಬರೆಯುವುದು ನನ್ನ ಕೆಲಸ. ಅಪ್ಪನ ಮಂಡಿ ನೋವು ಹೆಚ್ಚಾದ ಮೇಲೆ ಊರಿಗೆ ಬಂದು ನಿಂತೆ. ಫೈಬರ್ ಮುಖ್ಯ ರಸ್ತೆಯವರೆಗೆ ಮಾತ್ರ ಬಂದಿತ್ತು. ಅಲ್ಲಿಂದ ಮರದಿಂದ ಮರಕ್ಕೆ ಎಳೆಸಿದ ಕೇಬಲ್ ಒಂದೇ ಮಳೆಗಾಲದಲ್ಲಿ ನಾಲ್ಕು ಸಲ ತುಂಡಾಯಿತು. ಮೂರು ಸಲ ಕೊಂಬೆ ಬಿದ್ದು, ಒಂದು ಸಲ ಆನೆ ಹಾದು. ಮೊಬೈಲ್ ಸಿಗ್ನಲ್ ಸಿಗುತ್ತಿದ್ದುದು ಕಣದ ಒಂದು ಮೂಲೆಯಲ್ಲಿ ಮಾತ್ರ. 2023ರ ಜನವರಿಯಲ್ಲಿ, ಕೊಯ್ಲಿನ ಗಡಿಬಿಡಿಯ ನಡುವೆಯೇ, ವಿಸ್ಯಾಟ್, ಅಂದರೆ ಉಪಗ್ರಹದ ಮೂಲಕ ನೆಟ್ ಕೊಡುವ ಸಣ್ಣ ತಟ್ಟೆ ಆಂಟೆನಾ, ಹಾಕಿಸಿದೆ.

ಎಟಿಎಂಗಳ ಮೇಲೆ ನೀವು ನೋಡಿರುವ ತಟ್ಟೆಯೇ ಇದು. ನನ್ನದು ಇಸ್ರೋದ ಜಿಸ್ಯಾಟ್-11 ಉಪಗ್ರಹದ ಮೂಲಕ ಕೆಲಸ ಮಾಡುತ್ತದೆ. 2018ರ ಡಿಸೆಂಬರ್‌ನಲ್ಲಿ ಹಾರಿದ ಆ ಉಪಗ್ರಹವನ್ನು ಕಕ್ಷೆಯಲ್ಲಿ ನಿಭಾಯಿಸುವ ಹೊಣೆ ಹಾಸನದಲ್ಲಿರುವ ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರ ಎಂಸಿಎಫ್‌ನದು. ಚಿಕ್ಕವನಿದ್ದಾಗ ಸಾಲಗಾಮೆ ರಸ್ತೆಯಲ್ಲಿ ಬಸ್ಸಿನ ಕಿಟಕಿಯಿಂದ ಬೆರಗಾಗಿ ನೋಡುತ್ತಿದ್ದ ಆ ದೊಡ್ಡ ಆಂಟೆನಾಗಳಿಗೂ ಈಗ ನನ್ನ ಅನ್ನಕ್ಕೂ ನಂಟಿದೆ ಎಂದು ನೆನೆದರೆ ಮನಸ್ಸು ತುಂಬುತ್ತದೆ.

ಮನೆ ಹಂಚಿನದು, ಮಾಡಿನ ಮೇಲೆ ತಟ್ಟೆ ಕೂರಿಸುವಂತಿಲ್ಲ. ಕಣದ ಅಂಚಿನಲ್ಲಿ ಗುಂಡಿ ತೋಡಿ, ಕಬ್ಬಿಣದ ಕಂಬ ನಿಲ್ಲಿಸಿ, ಕಾಂಕ್ರೀಟಿಗೆ ಒಂದು ವಾರ ನೀರುಣಿಸಿದ ಮೇಲೆಯೇ ತಂತ್ರಜ್ಞರನ್ನು ಕರೆದೆ. ಈ ಒಂದು ವಾರವನ್ನು ಯಾರೂ ಉಳಿಸಲು ಹೋಗಬೇಡಿ. ಕಂಬ ಕೂದಲೆಳೆಯಷ್ಟು ವಾಲಿದರೂ ಸಿಗ್ನಲ್ ಕೆಡುತ್ತದೆ, ಆಷಾಢದ ಗಾಳಿ ಏನೆಂದು ಮಲೆನಾಡಿನವರಿಗೆ ಹೇಳಬೇಕಿಲ್ಲ. ಸುತ್ತಲಿನ ಸಿಲ್ವರ್ ಓಕ್ ಮರಗಳನ್ನು ಕಡಿಯಬೇಕಾದೀತೇ ಎಂಬ ಭಯವಿತ್ತು. ಬೇಕಾಗಲಿಲ್ಲ. ಜಿಸ್ಯಾಟ್-11 ಇರುವುದು 74 ಡಿಗ್ರಿ ಪೂರ್ವ ರೇಖಾಂಶದಲ್ಲಿ. ನಮ್ಮಲ್ಲಿಂದ ನೋಡಿದರೆ ದಕ್ಷಿಣಕ್ಕೆ, ದಿಗಂತದಿಂದ ಸುಮಾರು 75 ಡಿಗ್ರಿ ಎತ್ತರದಲ್ಲಿ, ಹೆಚ್ಚುಕಡಿಮೆ ನೆತ್ತಿಯ ಮೇಲೆ. ದಕ್ಷಿಣದ ಒಂದು ಮರದ ಎರಡು ಕೊಂಬೆ ಸವರಿದ್ದಷ್ಟೇ.

ವಿಳಂಬದ ವಿಷಯವನ್ನು ಮೊದಲೇ ತಿಳಿದುಕೊಂಡಿರಬೇಕು. ಉಪಗ್ರಹ ಸುಮಾರು 36,000 ಕಿಲೋಮೀಟರ್ ಮೇಲಿದೆ. ನನ್ನ ಮಾತು ಹತ್ತಿ ಇಳಿದು, ಉತ್ತರ ಮತ್ತೆ ಹತ್ತಿ ಇಳಿಯುವಷ್ಟರಲ್ಲಿ ಅರ್ಧ ಸೆಕೆಂಡ್ ಮೀರುತ್ತದೆ. ಎಷ್ಟು ದುಡ್ಡು ಕೊಟ್ಟರೂ ಇದು ಕಡಿಮೆಯಾಗದು, ಬೆಳಕಿನ ವೇಗವೇ ಅಷ್ಟು. ಕಚೇರಿಯ ಕಂಪ್ಯೂಟರನ್ನು ದೂರದಿಂದ ನಡೆಸುವ ಕೆಲಸ ಇದರಲ್ಲಿ ಹಿಂಸೆ. ಒಂದೊಂದು ಅಕ್ಷರಕ್ಕೂ ಕಾಯಬೇಕು. ಹಾಗಾಗಿ ಎಲ್ಲವನ್ನೂ ನನ್ನ ಲ್ಯಾಪ್‌ಟಾಪಿನಲ್ಲೇ ಬರೆದು, ಮುಗಿದ ಮೇಲೆ ಕಳುಹಿಸುವ ಪದ್ಧತಿಗೆ ಬದಲಾದೆ. ಇನ್ನೊಂದು ತೊಡಕು ವಿಪಿಎನ್, ಅಂದರೆ ಕಚೇರಿಯ ಜಾಲಕ್ಕೆ ಸೇರಿಸುವ ಸುರಕ್ಷಿತ ದಾರಿ. ಈ ವಿಳಂಬದ ನಡುವೆಯೂ ಫೈಲುಗಳು ವೇಗವಾಗಿ ಸಾಗುವಂತೆ ಉಪಗ್ರಹ ಮೋಡೆಮ್ ಒಂದು ಉಪಾಯ ಮಾಡುತ್ತದೆ: ಆ ಕಡೆಯಿಂದ 'ತಲುಪಿತು' ಎಂಬ ಸ್ವೀಕೃತಿ ಬರುವ ಮೊದಲೇ ತಾನೇ ಸ್ವೀಕೃತಿ ಕೊಟ್ಟು ಮುಂದಿನ ಕಂತನ್ನು ಕೇಳುತ್ತದೆ. ಕಂಪನಿಯ ಐಪಿಸೆಕ್ ಎಂಬ ಬಗೆಯ ವಿಪಿಎನ್ ಎಲ್ಲವನ್ನೂ ಗೂಢಲಿಪಿಯಲ್ಲಿ ಮುಚ್ಚಿಬಿಡುವುದರಿಂದ ಮೋಡೆಮ್‌ಗೆ ಒಳಗಿರುವುದು ಕಾಣುವುದಿಲ್ಲ, ಉಪಾಯ ನಡೆಯುವುದಿಲ್ಲ. ನೆಟ್ ಇದ್ದೂ ಏಕೆ ತೆವಳುತ್ತಿದೆ ಎಂದು ತಿಳಿಯದೆ ಎರಡು ವಾರ ಒದ್ದಾಡಿದೆ. ಕೊನೆಗೆ ಕಚೇರಿಯವರು ಬೇರೆ ಬಗೆಯ ವಿಪಿಎನ್ ಕೊಟ್ಟ ಮೇಲೆ ಸರಿಹೋಯಿತು.

ಎಲ್ಲರೂ ಹೆದರಿಸಿದ್ದು ಮಳೆಯ ವಿಷಯದಲ್ಲಿ. ಅಪ್ಪನ ಹತ್ತಿರ ಮಳೆ ಪುಸ್ತಕವಿದೆ. ಎಲ್ಲ ತೋಟದವರಂತೆ ಅವರೂ ದಿನಾ ಬೆಳಿಗ್ಗೆ ಮಾಪಕದ ನೀರನ್ನು ಅಳೆದು ಇಂಚು, ಸೆಂಟಿನ (ಇಂಚಿನ ನೂರನೆಯ ಒಂದು ಭಾಗ) ಲೆಕ್ಕದಲ್ಲಿ ಬರೆಯುತ್ತಾರೆ. ಆ ಪುಸ್ತಕದ ಅಂಚಿನಲ್ಲಿ ನಾನೂ ಪೆನ್ಸಿಲಿನಿಂದ ಬರೆಯತೊಡಗಿದೆ: ನೆಟ್ ಎಷ್ಟು ಗಂಟೆಗೆ ಹೋಯಿತು, ಎಷ್ಟು ಹೊತ್ತಿಗೆ ಬಂತು. ಮೊದಲ ಮಳೆಗಾಲ ಮುಗಿದಾಗ ಇಬ್ಬರೂ ಕುಳಿತು ಎರಡನ್ನೂ ತಾಳೆ ನೋಡಿದೆವು. ಪುನರ್ವಸು ಮಳೆಯಲ್ಲಿ ದಿನಕ್ಕೆ ನಾಲ್ಕು ಇಂಚು ಬಿದ್ದ ದಿನ ಅಂಚು ಖಾಲಿ. ಅಕ್ಟೋಬರ್ ಸಂಜೆಯೊಂದರಲ್ಲಿ ಬಿದ್ದ ಬರೀ ಒಂದು ಇಂಚಿನ ಎದುರು "4.50ರಿಂದ 5.15" ಎಂದಿತ್ತು. ಅಪ್ಪ ಕನ್ನಡಕ ಸರಿಮಾಡಿಕೊಂಡು, "ಜಡಿಮಳೆಗೆ ಏನೂ ಆಗುವುದಿಲ್ಲ ಕಣೋ, ದಪ್ಪ ಹನಿಗೆ ಹೋಗುತ್ತದೆ" ಎಂದರು. ಅಷ್ಟೇ ವಿಷಯ. ತಟ್ಟೆ ಬಳಸುವ ಕೆಯು ಬ್ಯಾಂಡ್ ಎಂಬ ರೇಡಿಯೊ ಅಲೆಗಳನ್ನು ನುಂಗುವುದು ದಿನದ ಒಟ್ಟು ಮಳೆಯಲ್ಲ, ಆ ಗಳಿಗೆಯ ಬಿರುಸು. ಇಲ್ಲಿ ಬಿರುಸು ಮಳೆ ಹೆಚ್ಚಾಗಿ ಬರುವುದು ಏಪ್ರಿಲ್, ಮೇ, ಅಕ್ಟೋಬರ್‌ನಲ್ಲಿ, ಮಧ್ಯಾಹ್ನ ಕಳೆದ ಮೇಲೆ. ಆ ತಿಂಗಳುಗಳಲ್ಲಿ ನನ್ನ ಸಭೆಗಳನ್ನೆಲ್ಲ ಬೆಳಗಿನ ಹೊತ್ತಿಗೆ ಕೇಳಿ ಪಡೆದುಕೊಂಡೆ.

ಆದರೆ ಎರಡನೆಯ ವರ್ಷ ಜಡಿಮಳೆಯಲ್ಲೂ ಸಿಗ್ನಲ್ ದಿನದಿಂದ ದಿನಕ್ಕೆ ಇಳಿಯತೊಡಗಿತು. ಮಳೆ ನಿಂತರೂ ಏರುತ್ತಿರಲಿಲ್ಲ. ತಟ್ಟೆಯ ತೋಳಿನ ತುದಿಯಲ್ಲಿ ಕೇಬಲ್ ಸೇರುವ ಕನೆಕ್ಟರ್ ಬಿಚ್ಚಿ ನೋಡಿದೆ. ಒಳಗಿನಿಂದ ಒಂದು ಹನಿ ನೀರು ಬೆರಳಿಗೆ ಇಳಿಯಿತು. ನಡುವಿನ ತಾಮ್ರದ ತಂತಿ ಹಳೆಯ ಚೊಂಬಿನ ಕಿಲುಬಿನಂತೆ ಹಸಿರುಗಟ್ಟಿತ್ತು. ಅಷ್ಟು ದೂರದ ಉಪಗ್ರಹ ಸರಿಯಾಗಿಯೇ ಇತ್ತು, ಕೆಟ್ಟದ್ದು ಅರ್ಧ ಇಂಚಿನ ಜೋಡಣೆ. ಕೇಬಲ್ಲಿನ ತುದಿ ಕತ್ತರಿಸಿ ಹೊಸ ಕನೆಕ್ಟರ್ ಹಾಕಿ, ತನಗೆ ತಾನೇ ಅಂಟಿಕೊಳ್ಳುವ ರಬ್ಬರ್ ಟೇಪನ್ನು ಕೆಳಗಿನಿಂದ ಮೇಲಕ್ಕೆ, ಹಂಚು ಹೊದಿಸುವ ಕ್ರಮದಲ್ಲಿ, ಸುತ್ತಿದೆ. ಕೇಬಲ್ ಗೋಡೆಯೊಳಗೆ ಹೋಗುವ ಮುನ್ನ ಕೆಳಕ್ಕೆ ಬಾಗುವಂತೆ ಬಿಟ್ಟೆ. ನೀರು ಅಲ್ಲೇ ತೊಟ್ಟಿಕ್ಕುತ್ತದೆ.

ಸಿಡಿಲಿಗೆ ಮೊದಲ ಏಪ್ರಿಲ್‌ನಲ್ಲೇ ಒಂದು ಮೋಡೆಮ್ ಬಲಿಯಾಗಿತ್ತು. ಇದ್ದಿಲು, ಉಪ್ಪು ತುಂಬಿ ಅರ್ಥಿಂಗ್ ಗುಂಡಿ ಮಾಡಿಸಿ ಕಂಬವನ್ನೂ ಕೇಬಲ್ಲಿನ ಹೊರಕವಚವನ್ನೂ ಅದಕ್ಕೆ ಜೋಡಿಸಿದ್ದೇನೆ. ಆದರೂ ಗುಡುಗು ಹತ್ತಿರ ಬಂದರೆ ವಿದ್ಯುತ್ತಿನ ಪ್ಲಗ್ಗನ್ನೂ ತಟ್ಟೆಯ ಕೇಬಲ್ಲನ್ನೂ ಕೀಳುತ್ತೇನೆ. ಇದಕ್ಕಿಂತ ದೊಡ್ಡ ರಕ್ಷಣೆ ನನಗೆ ಗೊತ್ತಿಲ್ಲ.

ಕರೆಂಟ್ ಹೋದರೆ ಎರಡು ದಿನ ಬಾರದಿರುವುದೂ ಉಂಟು. ನೆಟ್‌ಗೆಂದೇ ಪ್ರತ್ಯೇಕ ಇನ್ವರ್ಟರ್, 150 ಆಂಪಿಯರ್ ಅವರ್‌ನ ಬ್ಯಾಟರಿ ಇಟ್ಟಿದ್ದೇನೆ. ಮನೆಯ ಇನ್ವರ್ಟರಿಗೆ ಸೇರಿಸಿದರೆ ಮಿಕ್ಸಿ, ಫ್ರಿಜ್ ಅದನ್ನು ಕುಡಿದುಬಿಡುತ್ತವೆ. ಮೋಡೆಮ್, ರೌಟರ್, ಲ್ಯಾಪ್‌ಟಾಪ್ ಸೇರಿ ನೂರು ವ್ಯಾಟ್ ಒಳಗೇ ಇರುವುದರಿಂದ ಒಂದು ಇಡೀ ಕೆಲಸದ ದಿನ ಧಾರಾಳವಾಗಿ ನಡೆಯುತ್ತದೆ, ಸಂಜೆ ತೋಟದ ಜನರೇಟರ್ ಓಡಿಸುವಾಗ ಮತ್ತೆ ತುಂಬುತ್ತದೆ. ಕಣದ ಮೂಲೆಯ ಮೊಬೈಲ್ ಸಿಗ್ನಲ್ಲನ್ನು ಹೊರಗಿನ ಆಂಟೆನಾದಿಂದ ಹಿಡಿದು ಎರಡನೆಯ ದಾರಿಯಾಗಿ ರೌಟರಿಗೆ ಕೊಟ್ಟಿದ್ದೇನೆ. ಇವೆರಡೂ ಬೇರೆ ಬೇರೆ ಕಾರಣಕ್ಕೆ ಕೆಡುವುದೇ ನನ್ನ ಪುಣ್ಯ. ಬಿರುಸು ಮಳೆಯಲ್ಲಿ ಉಪಗ್ರಹ ಅರ್ಧ ಗಂಟೆ ಹೋದರೆ ಟವರ್ ಇರುತ್ತದೆ. ಊರಿಗೆಲ್ಲ ಕರೆಂಟಿಲ್ಲದೆ ಟವರಿನ ಬ್ಯಾಟರಿ ಮುಗಿದಾಗ ಉಪಗ್ರಹ ಇರುತ್ತದೆ.

ಎಲಾನ್ ಮಸ್ಕ್ ಕಂಪನಿಯ ಉಪಗ್ರಹ ಇಂಟರ್‌ನೆಟ್ ಸ್ಟಾರ್‌ಲಿಂಕ್ ಬರಲಿ, ಕಾಯಬಹುದಿತ್ತಲ್ಲ ಎಂದು ಗೆಳೆಯರು ಕೇಳುತ್ತಾರೆ. 2025ರ ಜೂನ್‌ನಲ್ಲಿ ಅದಕ್ಕೆ ದೂರಸಂಪರ್ಕ ಇಲಾಖೆಯ ಪರವಾನಗಿ ಸಿಕ್ಕಿದೆ. ಅದರ ಉಪಗ್ರಹಗಳು ಕೆಲವು ನೂರು ಕಿಲೋಮೀಟರ್ ಎತ್ತರದಲ್ಲಷ್ಟೇ ಇರುವುದರಿಂದ ವಿಳಂಬದ ಕಾಟ ತೀರುತ್ತದೆ. ಆದರೆ ಅವು ಆಕಾಶದಲ್ಲಿ ಓಡುತ್ತಿರುತ್ತವೆ, ಅದಕ್ಕೆ ಮರಗಳ ಅಡ್ಡಿಯಿಲ್ಲದ ವಿಶಾಲವಾದ ಬಾನು ಬೇಕು. ಸಿಲ್ವರ್ ಓಕ್‌ಗಳ ನಡುವೆ ಆಗ ಕಂಬವನ್ನು ಇನ್ನೂ ಎತ್ತರಿಸಬೇಕಾಗುತ್ತದೆ. ಪರದೇಶದಿಂದ ಯಾರೋ ತಂದ ಪರವಾನಗಿಯಿಲ್ಲದ ಪೆಟ್ಟಿಗೆಯನ್ನು ಮಾತ್ರ ಕೊಳ್ಳಬೇಡಿ, ಅದು ಅಪರಾಧ.

ಪ್ರತಿ ವರ್ಷ ಮೃಗಶಿರಾ ಹಿಡಿಯುವ ಮುನ್ನ ಒಂದು ಭಾನುವಾರ ಏಣಿ ಹಾಕಿ ಟೇಪ್ ಬಿಚ್ಚಿ, ತಂತಿಯ ಬಣ್ಣ ನೋಡಿ, ಹೊಸ ಟೇಪ್ ಸುತ್ತುತ್ತೇನೆ. ಅಪ್ಪ ಕೆಳಗೆ ಕುರ್ಚಿಯಲ್ಲಿ ಕುಳಿತು ಮೊಬೈಲಿನಲ್ಲಿ ಸಿಗ್ನಲ್ಲಿನ ಅಂಕಿಯನ್ನು ಓದಿ ಹೇಳುತ್ತಾರೆ. ಅದನ್ನೂ ಮಳೆ ಪುಸ್ತಕದಲ್ಲೇ ಬರೆದಿಡುತ್ತೇವೆ.