ಉಳಿದ ಮಾತ್ರೆ ತೋಡಿಗೂ ಬೇಡ, ಬಚ್ಚಲೊಲೆಗೂ ಬೇಡ

ಕೊಡಗಿನ ತೋಟದ ಮನೆಗಳಲ್ಲಿ ಬೇಡವಾದ ವಸ್ತು ಸೇರುವ ಜಾಗ ಸಾಮಾನ್ಯವಾಗಿ ಮೂರು: ಬಚ್ಚಲೊಲೆ, ಗೊಬ್ಬರದ ಗುಂಡಿ, ಮನೆ ಹಿಂದಿನ ತೋಡು. ಉಳಿದ ಔಷಧಿಗೆ ಈ ಮೂರೂ ಸಲ್ಲ.

ಮೊದಲು ಒಲೆಯ ವಿಷಯ. ಆಸ್ಪತ್ರೆಯ ಔಷಧಿ ಕಸ ಸುಡುವ ಕುಲುಮೆಗೆ ಎರಡು ಕೋಣೆ. ಮೊದಲನೆಯದರಲ್ಲಿ ಕಸ ಸುಡುತ್ತದೆ, ಎರಡನೆಯದರಲ್ಲಿ ಅದರ ಹೊಗೆಯನ್ನೇ ಮತ್ತೆ 1050 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಶಾಖದಲ್ಲಿ ಸುಡಬೇಕು ಎಂಬುದು ನಿಯಮ. ಬಚ್ಚಲೊಲೆಯಲ್ಲಿ ಆ ಶಾಖವೂ ಇಲ್ಲ, ಹೊಗೆಯನ್ನು ಸುಡುವ ವ್ಯವಸ್ಥೆಯೂ ಇಲ್ಲ. ಮಾತ್ರೆಯ ಪಾರದರ್ಶಕ ಸ್ಟ್ರಿಪ್ ಹೆಚ್ಚಾಗಿ ಪಿವಿಸಿ ಪ್ಲಾಸ್ಟಿಕ್‌ನದು; ಅದು ಅರೆಬರೆ ಸುಟ್ಟರೆ ಹೈಡ್ರೋಜನ್ ಕ್ಲೋರೈಡ್, ಡಯಾಕ್ಸಿನ್‌ನಂಥ ವಿಷ ಹೊಗೆಯಲ್ಲಿ ಸೇರುತ್ತದೆ. ಸ್ನಾನಕ್ಕೆ ನೀರು ಕಾಯಿಸುತ್ತ ಒಲೆ ಮುಂದೆ ಕೂತವರು ಉಸಿರಾಡುವುದು ಅದನ್ನೇ. ಉಳಿದ ಬೂದಿ ತರಕಾರಿ ಪಾತಿಗೆ ಹೋಗುತ್ತದೆ.

ಗೊಬ್ಬರದ ಗುಂಡಿಗೆ ಬಿದ್ದ ಆ್ಯಂಟಿಬಯೋಟಿಕ್, ಗೊಬ್ಬರ ಮಾಗಿಸುವ ಸೂಕ್ಷ್ಮಜೀವಿಗಳನ್ನು ಕೊಲ್ಲಬಲ್ಲದು. ಔಷಧಿಗೆ ಬಗ್ಗದ ರೋಗಾಣುಗಳು ಬೆಳೆಯಲೂ ಜಾಗ ಮಾಡಿಕೊಡುತ್ತದೆ. ತೋಡಿಗೆ ಎಸೆದರೆ ಅದು ಕೆಳಗಿನ ಮನೆಯವರ ನೀರಿಗೆ, ಅಲ್ಲಿಂದ ಹಾರಂಗಿಗೋ ಲಕ್ಷ್ಮಣತೀರ್ಥಕ್ಕೋ, ಕೊನೆಗೆ ಕಾವೇರಿಗೆ. ಐಐಟಿ ಮದ್ರಾಸ್ ಸಂಶೋಧಕರು 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಮಿಳುನಾಡಿನ ಭಾಗದ ಕಾವೇರಿ ನೀರಿನಲ್ಲಿ ಐಬುಪ್ರೊಫೇನ್, ಡೈಕ್ಲೋಫೆನಾಕ್, ಅಟೆನೊಲಾಲ್, ಸಿಪ್ರೊಫ್ಲಾಕ್ಸಾಸಿನ್ ಪತ್ತೆಯಾಗಿದ್ದವು. ನದಿ ಹುಟ್ಟುವ ಜಿಲ್ಲೆಯಲ್ಲಿರುವವರು ಈ ವಿಷಯದಲ್ಲಿ ಹೆಚ್ಚು ಎಚ್ಚರ ವಹಿಸಲೇಬೇಕು.

ಮಳೆಗೆ ಮೊದಲು ಬೇರ್ಪಡಿಸಿ

ಈ ಕೆಲಸಕ್ಕೆ ಮೇ ತಿಂಗಳು ಒಳ್ಳೆಯದು. ಜುಲೈ-ಆಗಸ್ಟ್‌ನಲ್ಲಿ ಬರುವ ಕಕ್ಕಡ ತಿಂಗಳ ಜಡಿಮಳೆಯಲ್ಲಿ ಬಟ್ಟೆಯೇ ಒಣಗುವುದಿಲ್ಲ. ಕಪಾಟಿನಲ್ಲಿಟ್ಟ ಮಾತ್ರೆಯೂ ತೇವ ಹೀರುತ್ತದೆ. ಡಬ್ಬಿಯಲ್ಲಿ ಬಿಡಿಯಾಗಿ ಹಾಕಿಟ್ಟದ್ದು ಬೇಗ ಕೆಡುತ್ತದೆ. ಆಸ್ಪಿರಿನ್ ತೇವಕ್ಕೆ ಒಡೆದರೆ ವಿನೆಗರ್ ವಾಸನೆ ಬರುತ್ತದೆ. ಒಂದಕ್ಕೊಂದು ಅಂಟಿದ ಕ್ಯಾಪ್ಸೂಲ್, ಚುಕ್ಕೆ ಬಿದ್ದ ಮಾತ್ರೆ, ಬಣ್ಣ ತಿರುಗಿದ ಸಿರಪ್, ಇವನ್ನು ಅವಧಿ ಬಾಕಿ ಇದ್ದರೂ ಬಿಡಬೇಕು.

ಮೇಜಿನ ಮೇಲೆ ಪೇಪರ್ ಹಾಸಿ ಮನೆಯ ಔಷಧಿಯನ್ನೆಲ್ಲ ಒಟ್ಟಿಗೆ ತನ್ನಿ. ಫ್ರಿಜ್‌ನ ಬಾಗಿಲು, ದೇವರ ಕೋಣೆಯ ಗೂಡು, ಜೀಪಿನ ಡ್ಯಾಶ್‌ಬೋರ್ಡ್ ಮರೆಯಬೇಡಿ. ಸ್ಟ್ರಿಪ್ ಮೇಲೆ 08/2026 ಎಂದಿದ್ದರೆ ಆ ಆಗಸ್ಟ್ ತಿಂಗಳ ಕೊನೆಯ ದಿನದವರೆಗೆ ಅವಧಿ ಇದೆ ಎಂದರ್ಥ. ಆದರೆ ತೆರೆದ ಮೇಲೆ ಲೆಕ್ಕವೇ ಬೇರೆ. ಕಣ್ಣಿನ ಹನಿಗೆ ಸಾಮಾನ್ಯವಾಗಿ 4 ವಾರ. ನೀರು ಬೆರೆಸಿದ ಅಮಾಕ್ಸಿಸಿಲಿನ್ ಸಿರಪ್‌ಗೆ ಹೆಚ್ಚಾಗಿ 7 ದಿನ. ಬಾಟಲಿಯ ಮೇಲೆ ಬರೆದದ್ದನ್ನು ನೋಡಿಕೊಳ್ಳಿ. ಕಲಸಿದ ಒಆರ್‌ಎಸ್‌ಗೆ 24 ಗಂಟೆ. ಬಾಟಲಿ ತೆರೆದ ದಿನವನ್ನು ಅದರ ಮೇಲೆಯೇ ಪೆನ್ನಿನಲ್ಲಿ ಬರೆದಿಡುವುದು ಒಳ್ಳೆಯ ರೂಢಿ.

ಬೇಡವೆಂದು ತೆಗೆದದ್ದನ್ನು ಲೈನ್ ಮನೆಯ ಕೆಲಸದವರಿಗೆ ಕೊಟ್ಟುಬಿಡುವ ಅಭ್ಯಾಸ ಇದೆ. ಉದ್ದೇಶ ಒಳ್ಳೆಯದೇ ಇರಬಹುದು, ಪರಿಣಾಮ ಒಳ್ಳೆಯದಲ್ಲ. ಒಬ್ಬರ ಬಿಪಿ ಮಾತ್ರೆ ಇನ್ನೊಬ್ಬರನ್ನು ನೆಲಕ್ಕೆ ಬೀಳಿಸೀತು. ಅರ್ಧ ಕೋರ್ಸ್ ಆ್ಯಂಟಿಬಯೋಟಿಕ್ ರೋಗ ವಾಸಿ ಮಾಡದೆ ರೋಗಾಣುವನ್ನು ಗಟ್ಟಿ ಮಾಡೀತು. ನಾಯಿ, ಬೆಕ್ಕು, ಹಸುವಿಗೂ ಕೊಡಬೇಡಿ. ಒಂದೇ ಒಂದು ಪ್ಯಾರಾಸಿಟಮಾಲ್ ಮಾತ್ರೆ ಬೆಕ್ಕಿನ ಜೀವ ತೆಗೆಯಬಲ್ಲದು. ಡೈಕ್ಲೋಫೆನಾಕ್ ಕೊಟ್ಟ ದನಗಳ ಕಳೇಬರ ತಿಂದ ರಣಹದ್ದುಗಳು ಮೂತ್ರಪಿಂಡ ಕೆಟ್ಟು ಸತ್ತದ್ದರಿಂದಲೇ ಜಾನುವಾರಿಗೆ ಆ ಔಷಧಿ ಕೊಡುವುದನ್ನು ದೇಶದಲ್ಲಿ 2006ರಲ್ಲಿ ನಿಷೇಧಿಸಲಾಯಿತು.

ಕಾಫಿ ಚರಟದ ವಿಧಾನ

ಎಲ್ಲಕ್ಕಿಂತ ಒಳ್ಳೆಯದು ವಾಪಸ್ ಪಡೆಯುವ ಕಡೆ ಕೊಡುವುದು. ಪಕ್ಕದ ಕೇರಳ 2025ರಲ್ಲಿ ಕೋಯಿಕ್ಕೋಡ್‌ನಿಂದ ಎನ್‌ಪ್ರೌಡ್ ಹೆಸರಿನ ಸಂಗ್ರಹ ಯೋಜನೆ ಶುರುಮಾಡಿತು. ನಮ್ಮಲ್ಲಿ ನಿಮ್ಮ ಮೆಡಿಕಲ್ ಶಾಪ್‌ನವರನ್ನು, ಹತ್ತಿರದ ಸರ್ಕಾರಿ ಆಸ್ಪತ್ರೆಯನ್ನು ಮೊದಲು ಕೇಳಿ. ಅಲ್ಲಿ ಆಗದಿದ್ದರೆ ಮನೆಯಲ್ಲೇ ಹೀಗೆ ಮಾಡಿ.

ಕೈಗವಸು ಹಾಕಿಕೊಂಡು ಮಾತ್ರೆಗಳನ್ನು ಸ್ಟ್ರಿಪ್‌ನಿಂದ ಬಿಡಿಸಿ. ಪುಡಿ ಮಾಡಬೇಡಿ, ಧೂಳು ಉಸಿರಿಗೆ ಹೋಗುತ್ತದೆ. ಡಿಕಾಕ್ಷನ್ ಇಳಿಸಿದ ಮೇಲೆ ಫಿಲ್ಟರ್‌ನಲ್ಲಿ ಉಳಿಯುವ ಚರಟವನ್ನು ಮಾತ್ರೆಗಳ ಎರಡು ಪಟ್ಟಾದರೂ ತೆಗೆದುಕೊಂಡು, ಮಾತ್ರೆ ಕಣ್ಣಿಗೆ ಬೀಳದಂತೆ ಕಲಸಿ. ತೇವದ ಚರಟದಲ್ಲಿ ಮಾತ್ರೆ ಕರಗಿ ಕಹಿಯಾಗಿ ಸೇರಿಕೊಳ್ಳುವುದರಿಂದ ಮಗುವಾಗಲಿ ನಾಯಿಯಾಗಲಿ ಬಾಯಿಗೆ ಹಾಕುವ ಸಂಭವ ಕಡಿಮೆ. ಕಸದಿಂದ ಆರಿಸಿ ಮತ್ತೆ ಬಳಸಲೂ ಆಗುವುದಿಲ್ಲ. ಸಿರಪ್‌ಗಾದರೆ ಒಣ ಕಾಫಿ ಹೊಟ್ಟು ಅಥವಾ ಮರದ ಪುಡಿ ಉತ್ತಮ. ದ್ರವವೆಲ್ಲ ಹೀರಿ, ಹಿಂಡಿದರೂ ತೊಟ್ಟಿಕ್ಕದಷ್ಟು ಬೆರೆಸಬೇಕು. ಇಲ್ಲದಿದ್ದರೆ ಚೀಲ ಸೋರುತ್ತದೆ. ಈ ಮಿಶ್ರಣವನ್ನು ದಪ್ಪ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಗಾಳಿ ಒತ್ತಿ ತೆಗೆದು ಬಾಯಿ ಬಿಗಿಯಾಗಿ ಕಟ್ಟಿ, ಅದನ್ನು ಮುಚ್ಚಳವಿರುವ ಡಬ್ಬಿಯೊಳಗಿಡಿ. ಮೇಲೆ ‘ಹಳೆ ಔಷಧಿ, ತೆರೆಯಬೇಡಿ’ ಎಂದು ಬರೆಯಿರಿ.

ಖಾಲಿ ಸ್ಟ್ರಿಪ್‌ಗಳನ್ನು ಕತ್ತರಿಸಿ ಒಣ ಕಸಕ್ಕೆ ಹಾಕಿ. ರೋಗಿಯ ಹೆಸರಿರುವ ಚೀಟಿಯಿದ್ದರೆ ಹರಿಯಿರಿ. ಅಸ್ತಮಾದ ಇನ್ಹೇಲರ್ ಡಬ್ಬಿಯಲ್ಲಿ ಒತ್ತಡ ಇರುತ್ತದೆ. ಅದನ್ನು ಚುಚ್ಚಬಾರದು, ಬೆಂಕಿಗಂತೂ ಹಾಕಲೇಬಾರದು.

ಕ್ಯಾನ್ಸರ್ ಔಷಧಿಗಳಿಗೆ ಈ ವಿಧಾನ ಬೇಡ. ಬರಿಗೈಯಲ್ಲಿ ಮುಟ್ಟದೆ, ಸ್ಟ್ರಿಪ್ ಸಮೇತ ಚಿಕಿತ್ಸೆ ಕೊಟ್ಟ ಆಸ್ಪತ್ರೆಗೇ ಒಯ್ಯಿರಿ. ಮೆಥೊಟ್ರೆಕ್ಸೇಟ್ ಸಂಧಿವಾತಕ್ಕೆ ಬರೆದುಕೊಟ್ಟದ್ದಾದರೂ ಇದೇ ಗುಂಪಿಗೆ ಸೇರುತ್ತದೆ.

ಟಾಯ್ಲೆಟ್‌ಗೆ ಹಾಕಬಹುದಾದ ಕೆಲವೇ ಔಷಧಿ

ಕೇಂದ್ರ ಔಷಧ ನಿಯಂತ್ರಣ ಸಂಸ್ಥೆ 2025ರ ಮಾರ್ಗಸೂಚಿಯಲ್ಲಿ 17 ಔಷಧಿಗಳನ್ನು ಮಾತ್ರ ಟಾಯ್ಲೆಟ್‌ನಲ್ಲಿ ಫ್ಲಶ್ ಮಾಡಲು ಹೇಳಿದೆ. ಮಾರ್ಫಿನ್, ಫೆಂಟನಿಲ್, ಟ್ರಮಡಾಲ್, ಟಪೆಂಟಡಾಲ್, ಡಯಾಜೆಪಾಮ್ ಅದರಲ್ಲಿವೆ. ಇವುಗಳಲ್ಲಿ ಕೆಲವು ಒಂದೇ ಡೋಸ್‌ನಲ್ಲಿ ಮಗುವನ್ನು ಕೊಲ್ಲಬಲ್ಲವು, ಆದ್ದರಿಂದ ಮನೆಯಲ್ಲಿ ಇಟ್ಟುಕೊಳ್ಳುವ ಅಪಾಯ ನೀರಿನ ಅಪಾಯಕ್ಕಿಂತ ದೊಡ್ಡದು. ತೀರಿಕೊಂಡ ರೋಗಿಯ ಮಾರ್ಫಿನ್ ಉಳಿದಿದ್ದರೆ ಮೊದಲು ಅದನ್ನು ಕೊಟ್ಟ ಆಸ್ಪತ್ರೆಗೆ ಫೋನ್ ಮಾಡಿ. ವಾಪಸ್ ಒಯ್ಯಲು ಸಾಧ್ಯವೇ ಇಲ್ಲದಿದ್ದರೆ ಮಾತ್ರ ಫ್ಲಶ್. ಚರ್ಮಕ್ಕೆ ಅಂಟಿಸುವ ಫೆಂಟನಿಲ್ ಪ್ಯಾಚ್‌ನಲ್ಲಿ ಬಳಸಿದ ಮೇಲೂ ಔಷಧಿ ಉಳಿದಿರುತ್ತದೆ, ಅಂಟಿನ ಭಾಗ ಒಳಗೆ ಬರುವಂತೆ ಮಡಚಿ ಹಾಕಬೇಕು. ಬೇರೆ ಯಾವ ಮಾತ್ರೆಯನ್ನೂ ಫ್ಲಶ್ ಮಾಡಬೇಡಿ: ಇಲ್ಲಿ ಒಂದೇ ಅಂಗಳದಲ್ಲಿ ಟಾಯ್ಲೆಟ್ ಗುಂಡಿಯೂ ಬಾವಿಯೂ ಇರುವ ಮನೆಗಳುಂಟು.

ಇನ್ಸುಲಿನ್ ಸೂಜಿ

ಕಸ ಎತ್ತುವವರ ಕೈಗೆ ಚುಚ್ಚುವುದು ಇದೇ. ಬಟ್ಟೆ ಸೋಪಿನ ದ್ರವ ಬರುವಂಥ ಗಟ್ಟಿ ಪ್ಲಾಸ್ಟಿಕ್ ಕ್ಯಾನ್ ಒಂದನ್ನು ಇದಕ್ಕೇ ಮೀಸಲಿಡಿ. ನೀರಿನ ತೆಳು ಬಾಟಲಿಯನ್ನು ಸೂಜಿ ತೂರಿಬಿಡುತ್ತದೆ. ಸಿರಿಂಜಿನ ಸೂಜಿಗೆ ಮತ್ತೆ ಮುಚ್ಚಳ ಹಾಕಲು ಹೋಗದೆ ನೇರ ಕ್ಯಾನ್‌ಗೆ ಹಾಕಿ, ಮುಕ್ಕಾಲು ಭಾಗ ತುಂಬಿದಾಗ ಮುಚ್ಚಿ ಟೇಪ್ ಸುತ್ತಿ, ‘ಸೂಜಿ’ ಎಂದು ದೊಡ್ಡದಾಗಿ ಬರೆಯಿರಿ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತೆಗೆದುಕೊಳ್ಳುವರೇ ಎಂದು ವಿಚಾರಿಸಿ ಒಯ್ಯಿರಿ.

ಯಾರ ಕೈಗೆ, ಹೇಗೆ

2016ರ ಘನತ್ಯಾಜ್ಯ ನಿಯಮದಲ್ಲೇ ಅವಧಿ ಮೀರಿದ ಔಷಧಿ, ಮನೆಯಲ್ಲಿ ಬಳಸಿದ ಸೂಜಿ, ಒಡೆದ ಪಾದರಸದ ಥರ್ಮಾಮೀಟರನ್ನು ಅಪಾಯಕಾರಿ ಮನೆಗಸ ಎಂದು ಗುರುತಿಸಲಾಗಿತ್ತು. ಆದ್ದರಿಂದ ಗ್ರಾಮ ಪಂಚಾಯಿತಿಯ ಸ್ವಚ್ಛ ವಾಹಿನಿ ಬಂದಾಗ ಔಷಧಿ ಡಬ್ಬಿಯನ್ನು ಹಸಿ ಕಸದ ಬಕೆಟ್‌ಗೆ ಸೇರಿಸದೆ, ಒಳಗೇನಿದೆ ಎಂದು ಬಾಯಲ್ಲಿ ಹೇಳಿ ಬೇರೆಯಾಗಿ ಕೊಡಿ. ವಾಹನ ಬಾರದ ತೋಟಗಳವರು ಅದನ್ನು ಮಕ್ಕಳಿಗೆ ಎಟುಕದ ಕಡೆ ಬೀಗದಲ್ಲಿಟ್ಟು, ಮಡಿಕೇರಿಗೋ ವಿರಾಜಪೇಟೆಗೋ ಸೋಮವಾರಪೇಟೆಗೋ ಹೋಗುವಾಗ ಕೊಂಡೊಯ್ಯುವುದು ಸರಿ. ತೋಟದಲ್ಲಿ ಹೂಳುವುದು ಬೇಡ. ಅಷ್ಟು ಮಳೆಗೆ ಮಣ್ಣಿನಲ್ಲಿ ಏನೂ ನಿಂತಲ್ಲೇ ನಿಲ್ಲುವುದಿಲ್ಲ.

ಮುಂದಿನ ಸಲ ಕೊಳ್ಳುವಾಗ 5 ದಿನಕ್ಕೆ ಬರೆದಿದ್ದರೆ 5 ದಿನದ್ದನ್ನೇ ಕೇಳಿ. ಅಂಗಡಿಯವರು ಸ್ಟ್ರಿಪ್ ಕತ್ತರಿಸುವಾಗ ಅವಧಿ ಅಚ್ಚಾದ ತುದಿ ನಿಮಗೆ ಸಿಗದಿದ್ದರೆ, ಔಷಧಿಯ ಹೆಸರು ಮತ್ತು ತಿಂಗಳನ್ನು ಕವರ್ ಮೇಲೆ ಅಲ್ಲೇ ಬರೆಸಿಕೊಂಡು ಬನ್ನಿ.